ಷರತ್ತು 'ಹಾಕು', ಷರತ್ತು 'ವಿಧಿಸು'

ಷರತ್ತು ಅರಬ್ಬಿ ಮೂಲದ ಮಾತು, ಕರಾರೂ ಅಷ್ಟೇ. ಆದರೆ ಕರಾರನ್ನು 'ಮಾಡಿಕೊಳ್ಳುತ್ತಾರೆ', ಅದಕ್ಕೆ ಇಬ್ಬರು ಬೇಕು. ಷರತ್ತನ್ನು ಒಬ್ಬ ಹಾಕುತ್ತಾನೆ, ಇನ್ನೊಬ್ಬ ಹೊರುತ್ತಾನೆ. ಮರಾಠಿಯಲ್ಲೂ 'ಅಟ ಘಾಲಣೆ' ಅಂತಾರೆ. ಘಾಲಣೆ ಅಂದ್ರೆ ಹಾಕುವುದೇ. ದಂಡ ಹಾಕು, ಬಹಿಷ್ಕಾರ ಹಾಕು, ಷರತ್ತು ಹಾಕು: ಊರಿನ ಯಜಮಾನಿಕೆಯೆಲ್ಲ ಈ ಒಂದು ಕ್ರಿಯಾಪದದಲ್ಲಿ ಕೂತಿದೆ. ಆದರೂ ಈ ಮಾತಿಗೊಂದು ಗುಣ ಇದೆ. ಹಾಕಿದರು ಅಂದ ಕೂಡಲೇ 'ಯಾರ ಹಾಕ್ಯಾರ?' ಅಂತ ಕೇಳಬಹುದು.

ಕಚೇರಿ ಕನ್ನಡ ಈ ಪ್ರಶ್ನೆಯನ್ನೇ ನುಂಗುತ್ತದೆ. ಅಲ್ಲಿ ಷರತ್ತು 'ವಿಧಿಸಲಾಗಿದೆ', ಕರ್ತೃ ಇಲ್ಲ. ವಿಧಿ ಅಂದರೆ ಕಾನೂನಿನ ಕಟ್ಟಳೆಯೂ ಹೌದು, ಹಣೆಬರಹವೂ ಹೌದು. ಹಣೆಬರಹದ ಜತೆ ಯಾರು ವಾದಿಸ್ತಾರೆ?

ಇದನ್ನು ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡದ ಕಡೆ ನಿಂತು ನೋಡಬೇಕು. 2003ರಲ್ಲಿ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಹೆಸರಿನ ಪಕ್ಕ ಒಂದು ಕಂಸ: ಉತ್ತರ ಕನ್ನಡ ಜಿಲ್ಲೆಯಲ್ಲಿ. ಹಳಿಯಾಳದ ಸಿದ್ದಿ ಪಂಗಡದವನು. ಗಡಿಯಾಚೆ ಧಾರವಾಡ, ಬೆಳಗಾವಿ ಜಿಲ್ಲೆಯಲ್ಲಿರುವ ಸಿದ್ದಿ, ಅವನ ಬೀಗನೇ ಆಗಿರಲಿ, ಅಲ್ಲ. ಆ ಕಂಸ ಅಗಲವಾಗಲು 2020 ಬರಬೇಕಾಯಿತು. ಅದೇ 2003ರಲ್ಲಿ ಗೋವಾದ ಕುಣಬಿಗಳೂ ಪಂಗಡವಾದರು. ಈಚೆಗಿರುವ ಜೊಯಿಡಾದ ಕುಣಬಿಗಳು ಕೇಳುತ್ತಲೇ ಇದ್ದಾರೆ.

ಸಿದ್ದಿಯರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. ಪಂಗಡದ ಪಟ್ಟಿ ಧರ್ಮ ಕೇಳುವುದಿಲ್ಲ, ಹಾಗಾಗಿ ಅವರು ಪಟ್ಟಿಯಲ್ಲಿ ಒಡೆಯಲಿಲ್ಲ. ಪರಿಶಿಷ್ಟ ಜಾತಿಯ 1950ರ ಆದೇಶ ಕೇಳುತ್ತದೆ. ಹಿಂದೂಗಳ ಜತೆ 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ, ಮುಸ್ಲಿಂ ಆದ ದಲಿತರಿಗೆ ಬಾಗಿಲು ಹಾಕಿಯೇ ಇದೆ. (ಇಲ್ಲೂ 'ಹಾಕು' ನೋಡಿ.)

ಪಟ್ಟಿಯ ಭಾರ ಗೊತ್ತಾಗುವುದು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ. ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಕಾಡಿನ ಭೂಮಿಯಲ್ಲಿದ್ದರೆ ಸಾಕು. ಉಳಿದವರು ಅದಕ್ಕೂ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿದ್ದುದಕ್ಕೆ ಸಾಕ್ಷಿ ಕೊಡಬೇಕು. ಅಕ್ಷರ ಸಿಗದ ಮನೆಯಲ್ಲಿ 1930ರ ಕಾಗದ ಎಲ್ಲಿಂದ ಬರಬೇಕು? ಉತ್ತರ ನಿಯಮದಲ್ಲೇ ಇದೆ. ಅರ್ಜಿದಾರರಲ್ಲದ ಹಿರಿಯರ ಮಾತನ್ನು ಬರೆದುಕೊಂಡರೆ ಅದು ಸಾಕ್ಷಿ. ಹಳೆ ಬಾವಿ, ಹೂಳುವ ಜಾಗ, ದೇವರ ಜಾಗವೂ ಸಾಕ್ಷಿ. ಒಂದಕ್ಕಿಂತ ಹೆಚ್ಚು ಬೇಕು, ಅಷ್ಟೇ. ಅರ್ಜಿ ಬರೆದುಕೊಡುವ ಗೆಳೆಯರು ಇದನ್ನು ಬಿಡಬಾರದು. 'ಷರತ್ತು ಪೂರೈಸಿಲ್ಲ' ಅಂತ ಮೇಲಿನ ಸಮಿತಿ ವಾಪಸ್ ಕಳಿಸಿದರೆ, ಯಾವ ಷರತ್ತು, ಯಾರು ಹಾಕಿದ್ದು ಅಂತ ಕೇಳಬೇಕು. 2012ರ ತಿದ್ದುಪಡಿಯ ಪ್ರಕಾರ ತಿರಸ್ಕಾರಕ್ಕೆ ಅವರು ವಿವರವಾದ ಕಾರಣ ಬರೆದು ಕೊಡಲೇಬೇಕು.