ಸಂಪಾತಿಯ ರೆಕ್ಕೆ ಸುಟ್ಟಿತೋ, ಹೆಪ್ಪುಗಟ್ಟಿತೋ?

ಮೇ ತಿಂಗಳಲ್ಲಿ ಬಳ್ಳಾರಿಯ ಗಾಂಧಿನಗರದಲ್ಲಿ ರಾತ್ರಿ ಹತ್ತಾದರೂ ಮಾಳಿಗೆಯ ನೆಲ ಆರುವುದಿಲ್ಲ. ಸಂಜೆ ನಾಲ್ಕು ಕೊಡ ನೀರು ಸುರಿದರೆ ಗಟಗಟನೆ ಕುಡಿದು ಅರ್ಧ ತಾಸಿನಲ್ಲಿ ಒಣಗಿ ಮತ್ತೆ ಕಾವು ಬಿಡತೊಡಗುತ್ತದೆ. ಅದರ ಮೇಲೆ ಚಾಪೆ, ಚಾಪೆಯ ಮೇಲೆ ಒದ್ದೆ ಮಾಡಿದ ಹಚ್ಚಡ. ಹೋದ ಬೇಸಿಗೆಯಲ್ಲಿ ಹಾಗೆ ಮಲಗಿದ್ದಾಗ ಪಕ್ಕದಲ್ಲಿದ್ದ ಅಕ್ಕನ ಮಗ ಕೇಳಿದ: “ಮಾಮ, ಸೂರ್ಯ ಮ್ಯಾಲೆ ಅದಾನಲ್ಲ, ಹಂಗಾದ್ರೆ ಮ್ಯಾಲೆ ಮ್ಯಾಲೆ ಹೋದಂಗೆಲ್ಲ ಸೆಕೆ ಇನ್ನೂ ಜಾಸ್ತಿ ಆಗ್ಬೇಕಲ್ಲ?”

ಅವನ ಅಜ್ಜಿ ಅದೇ ವಾರ ಅವನಿಗೆ ಸಂಪಾತಿಯ ಕತೆ ಹೇಳಿದ್ದಳು. ಜಟಾಯುವಿನ ಅಣ್ಣ ಸಂಪಾತಿ. ಅಣ್ಣತಮ್ಮಂದಿರು ಪಂತ ಕಟ್ಟಿ ಸೂರ್ಯನತ್ತ ಹಾರಿದರು, ಬಿಸಿಲಿಗೆ ತಮ್ಮ ಬಸವಳಿದ, ಅವನಿಗೆ ನೆರಳಾಗಲೆಂದು ಅಣ್ಣ ರೆಕ್ಕೆ ಹರಡಿದ, ರೆಕ್ಕೆ ಸುಟ್ಟು ನೆಲಕ್ಕೆ ಬಿದ್ದ. ಸೀತೆ ಎಲ್ಲಿದ್ದಾಳೆಂದು ಕಪಿಗಳಿಗೆ ಹೇಳಿದವನು ಆ ರೆಕ್ಕೆಯಿಲ್ಲದ ಹದ್ದೇ. ಕಿಷ್ಕಿಂಧೆ ಎಂದು ನಾವು ನಂಬುವ ಆನೆಗೊಂದಿ, ವಾಯುಪುತ್ರ ಹುಟ್ಟಿದನೆನ್ನುವ ಅಂಜನಾದ್ರಿ, ಎರಡೂ ನಮ್ಮೂರಿನಿಂದ ಎರಡು ತಾಸಿನ ದಾರಿ. ಹಾಗಾಗಿ ಈ ಕತೆ ನಮಗೆ ಯಾರದೋ ಊರಿನದು ಅನ್ನಿಸುವುದಿಲ್ಲ. ಹುಡುಗನ ಪ್ರಶ್ನೆಯೂ ನ್ಯಾಯವಾದದ್ದೇ. ಒಲೆಯ ಹತ್ತಿರ ಹೋದಷ್ಟೂ ಬಿಸಿ ಹೆಚ್ಚಲ್ಲವೇ?

ಉತ್ತರವನ್ನು ಕುಳಿತಲ್ಲೇ ಊಹಿಸಬೇಕಾಗಿಲ್ಲ. ದಿನಕ್ಕೆರಡು ಸಲ ಅದನ್ನು ತರಲು ಆಕಾಶಕ್ಕೆ ದೂತನೊಬ್ಬ ಹೋಗಿಬರುತ್ತಾನೆ. ಬೆಳಗಿನ ಐದೂವರೆ ಮತ್ತು ಸಂಜೆ ಐದೂವರೆಯ ಆಸುಪಾಸಿನಲ್ಲಿ, ಬೆಂಗಳೂರು, ಹೈದರಾಬಾದ್ ಸೇರಿ ದೇಶದ ಹಲವು ಹವಾಮಾನ ಕೇಂದ್ರಗಳಿಂದ ಒಂದೊಂದು ಬಲೂನು ಮೇಲೇರುತ್ತದೆ. ಪ್ರಪಂಚದ ಬಹಳಷ್ಟು ದೇಶಗಳಲ್ಲೂ ಅದೇ ಗಳಿಗೆಗೆ ಏರುತ್ತದೆ, ಏಕೆಂದರೆ ಇಡೀ ಭೂಮಿಯ ಗಾಳಿಯ ಚಿತ್ರ ಒಂದೇ ಹೊತ್ತಿನದಾಗಿರಬೇಕು. ಬಲೂನು ರಬ್ಬರಿನ ಹಾಲಿನಿಂದ ಮಾಡಿದ್ದು, ಒಳಗೆ ಜಲಜನಕ. ಅದರ ಕೆಳಗೆ ಚಿಕ್ಕ ಪ್ಯಾರಾಶೂಟು, ಉದ್ದನೆಯ ದಾರ, ದಾರದ ತುದಿಗೆ ಊಟದ ಡಬ್ಬಿಗಿಂತ ಹಗುರವಾದ ಒಂದು ಪೆಟ್ಟಿಗೆ. ಅದರ ಹೆಸರು ರೇಡಿಯೋಸಾಂಡ್. ದಾರ ಅಷ್ಟು ಉದ್ದ ಏಕೆಂದರೆ ಬಲೂನು ತನ್ನ ಹಿಂದೆ ಕದಡಿಬಿಟ್ಟ ಗಾಳಿ ಉಪಕರಣಕ್ಕೆ ಸುಳ್ಳು ಹೇಳಬಾರದು. ಪೆಟ್ಟಿಗೆಯಿಂದ ಹೊರಚಾಚಿದ ತೆಳ್ಳನೆಯ ಕಡ್ಡಿಯಲ್ಲಿ ಉಷ್ಣತೆ ಅಳೆಯುವ ಸಾಸಿವೆಗಿಂತ ಸಣ್ಣ ಮಣಿ, ತೇವ ಅಳೆಯುವ ಪಾಲಿಮರ್ ಪೊರೆ. ಒಳಗೆ ಜಿಪಿಎಸ್, ಬ್ಯಾಟರಿ, ರೇಡಿಯೋ. ತಾನು ಎಲ್ಲಿದ್ದೇನೆ, ಅಲ್ಲಿ ಎಷ್ಟು ಚಳಿ, ಎಷ್ಟು ತೇವ ಎಂದು ಅದು ಸೆಕೆಂಡಿಗೊಮ್ಮೆ ನೆಲಕ್ಕೆ ತಿಳಿಸುತ್ತ ಹೋಗುತ್ತದೆ. ಗಾಳಿಯ ವೇಗವನ್ನು ಬೇರೆ ಅಳೆಯಬೇಕಾಗಿಲ್ಲ. ಬಲೂನು ಗಾಳಿಯ ಜೊತೆಗೇ ತೇಲುವುದರಿಂದ ಅದು ಸರಿದದ್ದೇ ಗಾಳಿ ಬೀಸಿದ್ದರ ಲೆಕ್ಕ.

ಅಂಥದ್ದೊಂದನ್ನು ನಮ್ಮ ಮಾಳಿಗೆಯಿಂದಲೇ ಮೇ ತಿಂಗಳ ಒಂದು ಸಂಜೆ ಬಿಟ್ಟೆವು ಎಂದುಕೊಳ್ಳಿ. ನೆಲದಲ್ಲಿ 40 ಡಿಗ್ರಿ ಸೆಲ್ಸಿಯಸ್. ನಿಮಿಷಕ್ಕೆ ಸುಮಾರು 300 ಮೀಟರಿನಂತೆ ಅದು ಏರುತ್ತದೆ. ಕೋಟೆಯ ಏಕಶಿಲಾ ಗುಡ್ಡ ಮೊದಲ ನಿಮಿಷದಲ್ಲೇ ಕೆಳಗಾಯಿತು. ಹದಿನೈದಿಪ್ಪತ್ತು ನಿಮಿಷ ಕಳೆದು ಐದು ಕಿಲೋಮೀಟರ್ ಮುಟ್ಟುವ ಹೊತ್ತಿಗೆ ಉಷ್ಣತೆ ಸೊನ್ನೆಗೆ ಇಳಿದಿದೆ. ನೀರು ಮಂಜುಗಡ್ಡೆಯಾಗುವ ಜಾಗ ನಮ್ಮ ತಲೆಯಿಂದ ಕುರುಗೋಡಿನಷ್ಟೂ ದೂರವಿಲ್ಲ! ಹತ್ತು ಕಿಲೋಮೀಟರಿನಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ. ಒಂದು ತಾಸಿಗೆ ಕೊಂಚ ಮೊದಲು, ಹದಿನಾರು ಹದಿನೇಳು ಕಿಲೋಮೀಟರಿನಲ್ಲಿ, ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ.

ಆ ಎತ್ತರದಲ್ಲಿ ಉತ್ತರ ಧ್ರುವದ ಮೇಲಿನ ಗಾಳಿ ಕೂಡ ಸಾಮಾನ್ಯವಾಗಿ ಇಷ್ಟು ತಣ್ಣಗಿರುವುದಿಲ್ಲ. ಭೂಮಿಯ ಸುಡುವ ನಡುಪಟ್ಟಿಯ ನೆತ್ತಿಯ ಮೇಲೆಯೇ ಸಾಮಾನ್ಯವಾಗಿ ಆ ಎತ್ತರದ ಅತಿ ಶೀತಲ ಗಾಳಿ ಕೂತಿರುತ್ತದೆ. ಇದನ್ನು ಜಗತ್ತಿಗೆ ಸ್ಪಷ್ಟವಾಗಿ ತೋರಿಸಿದವರು ಪಾಲಕ್ಕಾಡಿನ ಕೆ. ಆರ್. ರಾಮನಾಥನ್. ಸಿ. ವಿ. ರಾಮನ್ ಅವರ ಜೊತೆ ದುಡಿದು ಹವಾಮಾನ ಇಲಾಖೆ ಸೇರಿದ ಅವರು, ಆಗ್ರಾ ಮೊದಲಾದ ಕಡೆಯಿಂದ ಬಿಟ್ಟ ಬಲೂನುಗಳ ಅಳತೆಗಳನ್ನು ಒಟ್ಟುಗೂಡಿಸಿ 1929ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಚಿತ್ರ ಪ್ರಕಟಿಸಿದರು. ಭೂಮಧ್ಯರೇಖೆಯ ಮೇಲೆ ಉಂಗುರದಂತೆ ಸುತ್ತಿಕೊಂಡ ಶೀತಲ ಗಾಳಿ ಅದರಲ್ಲಿತ್ತು. ಆಗ ರೇಡಿಯೋಸಾಂಡ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಉಪಕರಣ ತನ್ನ ಅಳತೆಯನ್ನು ತಾನೇ ಗೀಚಿಕೊಳ್ಳುತ್ತಿತ್ತು. ಬಲೂನು ಒಡೆದು ಅದು ಯಾವುದೋ ಹೊಲದಲ್ಲಿ ಬಿದ್ದ ಮೇಲೆ ಯಾರಾದರೂ ರೈತ ಅದನ್ನು ತಂದುಕೊಡಬೇಕು. ತಂದುಕೊಡದಿದ್ದರೆ ಆ ದಿನದ ಆಕಾಶ ಕಳೆದುಹೋದಂತೆ. ರಾಮನಾಥನ್ ಚಿತ್ರದ ಹಿಂದೆ ಅಂಥ ಹೆಸರಿಲ್ಲದ ಎಷ್ಟೋ ಕೈಗಳಿವೆ.

ಹುಡುಗನಿಗೆ ಕಾರಣ ಹೇಳಲು ರೊಟ್ಟಿಯ ಹಂಚು ಸಾಕಾಯಿತು. ಬಿಸಿಲು ಗಾಳಿಯನ್ನು ಹೆಚ್ಚು ಕಾಯಿಸದೆ ತೂರಿಬಂದು ನೆಲವನ್ನು ಕಾಯಿಸುತ್ತದೆ. ಕಾದ ನೆಲ ಗಾಳಿಯನ್ನು ಕೆಳಗಿನಿಂದ ಕಾಯಿಸುತ್ತದೆ. ಅಂದರೆ ನಮ್ಮ ಒಲೆ ಮೇಲಿಲ್ಲ, ಕಾಲ ಕೆಳಗಿದೆ. ಸೂರ್ಯ ಹದಿನೈದು ಕೋಟಿ ಕಿಲೋಮೀಟರ್ ಆಚೆ ಇರುವಾಗ ಹದಿನಾರು ಕಿಲೋಮೀಟರ್ ಹತ್ತಿರವಾದರೆ ಯಾವ ಲೆಕ್ಕ? ಇನ್ನು ಬಿಸಿಗಾಳಿ ಮೇಲೇರಿದಂತೆ ಸುತ್ತಲಿನ ಒತ್ತಡ ಕಡಿಮೆಯಾಗಿ ಅದು ಹಿಗ್ಗುತ್ತದೆ, ಹಿಗ್ಗಲು ತನ್ನ ಶಾಖವನ್ನೇ ಖರ್ಚು ಮಾಡಿ ತಣ್ಣಗಾಗುತ್ತದೆ. ನೆಲ ಎಲ್ಲಿ ಹೆಚ್ಚು ಕಾಯುತ್ತದೋ ಅಲ್ಲಿ ಗುಡುಗಿನ ಮೋಡಗಳು ಅತಿ ಎತ್ತರಕ್ಕೆ ಏರುತ್ತವೆ, ಅತಿ ಎತ್ತರಕ್ಕೆ ಏರಿದ ಗಾಳಿ ಅತಿ ತಣ್ಣಗಾಗುತ್ತದೆ. ಕೆಳಗಿನ ಕಡುಬೇಸಿಗೆಯೂ ಮೇಲಿನ ಕಡುಚಳಿಯೂ ಒಂದೇ ಯಂತ್ರದ ಎರಡು ತುದಿ.

ಈ ಚಳಿಯ ಉಪಕಾರ ಎಷ್ಟು ದೊಡ್ಡದೆಂದು ಓದಿದಾಗ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಸಿರುಗುಪ್ಪದ ಭತ್ತದ ಗದ್ದೆಗಳಿಂದ, ತುಂಗಭದ್ರೆಯ ಕಾಲುವೆಗಳಿಂದ ನೀರು ಆವಿಯಾಗಿ ಏರುತ್ತಲೇ ಇರುತ್ತದೆ. ಅದು ಹಾಗೇ ಏರುತ್ತ ಹೋಗಿ ಅತಿ ಮೇಲಿನ ಗಾಳಿ ಸೇರಿದರೆ ಸೂರ್ಯನ ಅತಿನೇರಳೆ ಕಿರಣ ನೀರಿನ ಕಣವನ್ನು ಒಡೆಯುತ್ತದೆ. ಬಿಡುಗಡೆಯಾದ ಜಲಜನಕ ಹಗುರ, ಭೂಮಿಯ ಹಿಡಿತ ತಪ್ಪಿಸಿಕೊಂಡು ಬಾಹ್ಯಾಕಾಶಕ್ಕೆ ಹೊರಟುಹೋಗುತ್ತದೆ. ಶುಕ್ರಗ್ರಹ ತನ್ನ ನೀರನ್ನು ಹೆಚ್ಚುಕಡಿಮೆ ಹೀಗೆಯೇ ಕಳೆದುಕೊಂಡಿತೆಂದು ವಿಜ್ಞಾನಿಗಳು ನಂಬುತ್ತಾರೆ. ಇಲ್ಲಿ ಹಾಗಾಗದಂತೆ ತಡೆದಿರುವುದು ಆ ಎಂಬತ್ತು ಡಿಗ್ರಿಯ ಚಳಿ. ಅಲ್ಲಿಗೆ ಬಂದ ಆವಿ ಹರಳುಗಟ್ಟಿ ಉದುರಿಬಿಡುತ್ತದೆ. ಸೆಕೆಗಾಲದ ನೆಲಮಟ್ಟದ ಗಾಳಿಯಲ್ಲಿ ಹತ್ತು ಲಕ್ಷ ಕಣಗಳಿಗೆ ಇಪ್ಪತ್ತು ಸಾವಿರದಷ್ಟು ನೀರಿನ ಕಣಗಳಿದ್ದರೆ, ಆ ಚಳಿಯ ಬಾಗಿಲು ದಾಟುವುದು ಬರೀ ನಾಲ್ಕೈದು. ಭೂಮಿಯ ನೀರಿನ ಕೊಡಕ್ಕೆ ಮುಚ್ಚಳ ಇರುವುದು ನಮ್ಮಂಥ ಸುಡುವ ಊರುಗಳ ನೆತ್ತಿಯ ಮೇಲೆ.

ಬಲೂನು ಇನ್ನೂ ಒಡೆದಿಲ್ಲ. ಹದಿನೇಳು ಕಿಲೋಮೀಟರ್ ದಾಟಿದ ಮೇಲೆ ಉಷ್ಣತೆ ತಿರುಗಿ ಏರತೊಡಗುತ್ತದೆ. ಅಲ್ಲಿಂದ ಮೇಲೆ ಓಜೋನ್ ಅನಿಲ ಅತಿನೇರಳೆ ಕಿರಣವನ್ನು ನುಂಗಿ ಗಾಳಿಯನ್ನು ಬೆಚ್ಚಗಾಗಿಸುತ್ತದೆ. ಹುಡುಗನ ತರ್ಕ ಅಲ್ಲಿ ಸ್ವಲ್ಪ ಗೆಲ್ಲುತ್ತದೆ. ಮೂವತ್ತು ಕಿಲೋಮೀಟರಿನ ಹೊತ್ತಿಗೆ ಸುತ್ತಲಿನ ಒತ್ತಡ ನೆಲದಲ್ಲಿದ್ದುದರ ನೂರನೇ ಒಂದು ಪಾಲಿನಷ್ಟಾಗಿ, ಬಿಡುವಾಗ ಎರಡು ಮೀಟರ್ ಅಗಲವಿದ್ದ ಬಲೂನು ಒಂದು ಕೋಣೆಯೊಳಗೆ ಹಿಡಿಸದಷ್ಟು ಉಬ್ಬಿ, ಚಳಿಗೂ ಓಜೋನಿಗೂ ಪೆಡಸಾಗಿ ಒಡೆಯುತ್ತದೆ.

ಏರುವಾಗ ಅದು ದಾಟಿದ ಗಾಳಿಗಳ ಕತೆ ಬೇರೆಯೇ. ಮಹಾಭಾರತದ ಶಾಂತಿಪರ್ವದಲ್ಲಿ ವ್ಯಾಸರು ಮಗ ಶುಕನಿಗೆ ವೇದ ಹೇಳಿಕೊಡುತ್ತಿರುವಾಗ ಬಿರುಗಾಳಿ ಏಳುತ್ತದೆ. ವ್ಯಾಸರು ಪಾಠ ನಿಲ್ಲಿಸುತ್ತಾರೆ. ಗಾಳಿ ಎಂದರೇನು ಎಂದು ಮಗ ಕೇಳುತ್ತಾನೆ. ಆಗ ತಂದೆ ಹೇಳುವುದು ಏಳು ಗಾಳಿಗಳನ್ನು: ಪ್ರವಹ, ಆವಹ, ಉದ್ವಹ, ಸಂವಹ, ವಿವಹ, ಪರಿವಹ, ಪರಾವಹ. ಒಂದು ಮೋಡ ಓಡಿಸುತ್ತದೆ, ಇನ್ನೊಂದು ಕಡಲ ನೀರನ್ನು ಎತ್ತಿ ಮೋಡಕ್ಕೆ ಕೊಡುತ್ತದೆ, ಮತ್ತೊಂದು ಆಕಾಶಗಂಗೆಯನ್ನು ಹೊರುತ್ತದೆ. ಆಕಾಶವೆಂದರೆ ಒಂದೇ ಖಾಲಿ ಬಯಲಲ್ಲ, ಅಂತಸ್ತಿಗೊಂದು ಗಾಳಿಯಿರುವ ಮಾಳಿಗೆಮನೆ ಎಂಬ ಆ ಕಲ್ಪನೆ ನನಗೆ ತುಂಬ ಪ್ರಿಯ. ಬಲೂನಿನ ಅಳತೆಗಳು ಅದಕ್ಕೆ ಪ್ರಮಾಣಪತ್ರವಲ್ಲ, ಆದರೆ ಅಂತಸ್ತುಗಳಂತೂ ನಿಜವಾಗಿಯೂ ಇವೆ. ಮುಂಗಾರಿನಲ್ಲಿ ಬಳ್ಳಾರಿಯ ಮೇಲೆ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಪಡುವಣ ಗಾಳಿ ಜೋರಾಗಿ ಬೀಸುತ್ತದೆ. ಹದಿನಾಲ್ಕು ಹದಿನೈದು ಕಿಲೋಮೀಟರಿನಲ್ಲಿ ಅದಕ್ಕೆ ನೇರ ಎದುರಾಗಿ, ಮೂಡಣದಿಂದ ಪಡುವಣಕ್ಕೆ, ತಾಸಿಗೆ ನೂರು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಗಾಳಿಯ ಹೊಳೆಯೊಂದು ಹರಿಯುತ್ತದೆ. ಬೇಸಿಗೆಯಲ್ಲಿ ಟಿಬೆಟ್ಟಿನ ಪ್ರಸ್ಥಭೂಮಿ ಕಾದು ಅದರ ಮೇಲಿನ ಗಾಳಿ ಬೆಚ್ಚಗಾಗುವುದರಿಂದ ಹುಟ್ಟುವ ಈ ಹೊಳೆಯನ್ನು 1958ರಲ್ಲಿ ಪಿ. ಕೋಟೇಶ್ವರಂ ವಿವರಿಸಿದರು. ಇನ್ನೂ ಮೇಲೆ, ಇಪ್ಪತ್ತೈದು ಮೂವತ್ತು ಕಿಲೋಮೀಟರಿನಲ್ಲಿ, ಭೂಮಧ್ಯರೇಖೆಯ ಸುತ್ತ ಬೀಸುವ ಗಾಳಿ ಒಂದಷ್ಟು ಕಾಲ ಮೂಡಣದ್ದು, ಇನ್ನೊಂದಷ್ಟು ಕಾಲ ಪಡುವಣದ್ದು. ಒಂದು ಸುತ್ತು ಮುಗಿಯಲು ಸುಮಾರು 28 ತಿಂಗಳು. ಋತುಗಳಿಗೂ ಅದಕ್ಕೂ ತಾಳವೇ ಕೂಡುವುದಿಲ್ಲ.

ಅಂತಸ್ತಿನ ಎತ್ತರವನ್ನು ಅಂಕಿಯಲ್ಲಿ ಹೇಳಿದವರೂ ಇದ್ದರು. 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ ಬರೆದ ಭಾಸ್ಕರಾಚಾರ್ಯ, ಭೂಮಿಯ ಗಾಳಿ ಹನ್ನೆರಡು ಯೋಜನದವರೆಗೆ, ಮೋಡ ಮಿಂಚುಗಳೆಲ್ಲ ಅದರೊಳಗೆ, ಅದರಾಚೆ ಗ್ರಹತಾರೆಗಳನ್ನು ಹೊತ್ತು ತಿರುಗಿಸುವ ಪ್ರವಹ ಗಾಳಿ ಎನ್ನುತ್ತಾನೆ. ಭೂಮಿಯ ಸುತ್ತಳತೆ ಅವನಿಗೆ 4,967 ಯೋಜನ. ನಮ್ಮ 40,000 ಕಿಲೋಮೀಟರನ್ನು ಅದರಿಂದ ಭಾಗಿಸಿದರೆ ಯೋಜನಕ್ಕೆ ಎಂಟು ಕಿಲೋಮೀಟರ್, ಹನ್ನೆರಡು ಯೋಜನಕ್ಕೆ ತೊಂಬತ್ತಾರು ತೊಂಬತ್ತೇಳು. ಬಾಹ್ಯಾಕಾಶ ಶುರುವಾಗುವ ಗಡಿ ಎಂದು ಇಂದು ಹೆಚ್ಚಿನವರು ಒಪ್ಪುವುದು ನೂರು ಕಿಲೋಮೀಟರನ್ನು. ಇದನ್ನು ಹಿಡಿದು ನಮ್ಮವರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎಂದು ಕುಣಿಯುವುದು ಭಾಸ್ಕರನಿಗೇ ಅನ್ಯಾಯ. ಮೋಡಗಳು ಅವನ ಅಂಕಿಯ ಆರನೇ ಒಂದು ಪಾಲಿನಲ್ಲೇ ನಿಂತುಬಿಡುತ್ತವೆ, ಪ್ರವಹ ಗಾಳಿ ಇಲ್ಲವೇ ಇಲ್ಲ. ಆದರೆ ನಮ್ಮ ಗಾಳಿಗೆ ಒಂದು ಅಂಚಿದೆ, ಅಂಚಿಗೊಂದು ಅಳತೆಯಿದೆ ಎಂದು ಯೋಚಿಸಿದ ಆ ಧೈರ್ಯ ದೊಡ್ಡದು.

“ಅಲ್ಲಿ ಯಾರಾದ್ರೂ ಇರ್ತಾರಾ ಮಾಮ?” ಎಂಬುದು ಹುಡುಗನ ಮುಂದಿನ ಪ್ರಶ್ನೆ. ಇದ್ದಾರೆ. 2005ರ ಏಪ್ರಿಲ್ 20ರಂದು ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದಿಂದ 2 ಕೋಟಿ 67 ಲಕ್ಷ ಘನ ಅಡಿಯ ಪಾಲಿಥಿನ್ ಬಲೂನೊಂದು 459 ಕಿಲೋ ಭಾರ ಹೊತ್ತು ಏರಿತು. ಇದು ರಬ್ಬರಿನದರಂತೆ ಉಬ್ಬಿ ಒಡೆಯುವುದಿಲ್ಲ. ಕೆಳಗಿನ ಬಾಯಿಯಿಂದ ಹೆಚ್ಚಿನ ಅನಿಲ ಹೊರಹಾಕಿ ಎತ್ತರದಲ್ಲೇ ತೇಲುತ್ತದೆ. ಅದರಲ್ಲಿದ್ದ ಉಕ್ಕಿನ ಕೊಳವೆಗಳು ದ್ರವ ನಿಯಾನಿನ ಚಳಿಯಲ್ಲಿ ಇಪ್ಪತ್ತರಿಂದ ನಲವತ್ತೊಂದು ಕಿಲೋಮೀಟರ್ ನಡುವಿನ ಗಾಳಿಯನ್ನು ಸೆರೆಹಿಡಿದವು. ಆ ಗಾಳಿಯಲ್ಲಿ ಭೂಮಿಯ ಮೇಲೆ ಅದುವರೆಗೆ ಕಂಡಿರದ ಮೂರು ಬ್ಯಾಕ್ಟೀರಿಯಾ ಪ್ರಭೇದಗಳಿದ್ದವೆಂದು 2009ರಲ್ಲಿ ಇಸ್ರೋ ಪ್ರಕಟಿಸಿತು. ಒಂದಕ್ಕೆ ಇಸ್ರೋ ಹೆಸರು, ಒಂದಕ್ಕೆ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಹೆಸರು, ಮತ್ತೊಂದಕ್ಕೆ ಆರ್ಯಭಟನ ಹೆಸರು. ನೆಲದ ಮೇಲಿನ ತಮ್ಮ ನೆಂಟರಿಗಿಂತ ಅತಿನೇರಳೆ ಕಿರಣವನ್ನು ಚೆನ್ನಾಗಿ ತಾಳಿಕೊಳ್ಳುವ ಜೀವಿಗಳು ಅವು.

ಆ ಕೇಂದ್ರದ ಬಲೂನುಗಳ ಹೊರೆ ಪ್ಯಾರಾಶೂಟಿನಲ್ಲಿ ಕೆಲವೊಮ್ಮೆ ನಮ್ಮ ಕಡೆಗೂ ಇಳಿಯುತ್ತದೆ. 2025ರ ಜನವರಿಯಲ್ಲಿ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ, ಗುಡಿಯ ಗೋಡೆಯ ಮೇಲೆ ಶಾಸನ ಬರೆಯುತ್ತ ನಿಂತ ಚಾಲುಕ್ಯರ ಕಾಲದ ಶಿಲಾಬಾಲಿಕೆಯ ಊರಿನಲ್ಲಿ, ಬೆಳ್ಳಂಬೆಳಗ್ಗೆ ಅಂಥದ್ದೊಂದು ಬಂದು ಬಿತ್ತು. ಜನ ಗಾಬರಿಯಾದರು, ಆಗದೆ ಇರುತ್ತಾರೆಯೇ? ನಿಮ್ಮ ಹೊಲದಲ್ಲಿ ದಾರ, ಪ್ಯಾರಾಶೂಟು, ಬಿಳಿ ಪೆಟ್ಟಿಗೆ ಕಂಡರೆ ಬಿಚ್ಚಬೇಡಿ. ಅದರ ಮೇಲೆ ಅಂಟಿಸಿದ ಚೀಟಿ ಓದಿ, ಊರಿನ ಪೊಲೀಸರಿಗೆ ತಿಳಿಸಿ.

ಜುಲೈ ಬಂತು. ಒಂದು ಸಂಜೆ ಮಳೆ ಬಾರದೆ ಬರೀ ಗಾಳಿ ಬೀಸುತ್ತಿತ್ತು. ಹುಡುಗ ಮಾಳಿಗೆಯಿಂದ ಕೂಗಿದ. ಹೋಗಿ ನೋಡಿದರೆ ತಗ್ಗಿನ ಕಪ್ಪು ಮೋಡಗಳು ಸಂಡೂರಿನ ಕಡೆಯಿಂದ ಮೂಡಣಕ್ಕೆ ಓಡುತ್ತಿದ್ದವು. ಅವುಗಳ ನಡುವಿನ ನೀಲಿ ಸಂದಿಯಲ್ಲಿ, ಬಹಳ ಮೇಲೆ, ಎಳೆಯೆಳೆಯಾದ ಹಿಮದ ಮೋಡವೊಂದಿತ್ತು. ಕರೆಂಟಿನ ತಂತಿಯನ್ನು ಗುರುತಿಗೆ ಹಿಡಿದು ನಾವಿಬ್ಬರೂ ಹತ್ತು ನಿಮಿಷ ಅಲುಗಾಡದೆ ನಿಂತೆವು. ಆ ಎಳೆ ತಂತಿಯನ್ನು ದಾಟಿ ನಿಧಾನಕ್ಕೆ ಪಡುವಣಕ್ಕೆ ಸರಿಯಿತು.