ನೀಟ್: ಅಂಕ ಬಿಡಿ, ರ‍್ಯಾಂಕ್ ನೋಡಿ

'ಇಷ್ಟು ಮಾರ್ಕ್ಸಿಗೆ ಕಾರವಾರದಲ್ಲಿ ಸೀಟು ಸಿಗ್ತದಾ ಮಾಸ್ತರೇ?' ನೀಟ್ ಫಲಿತಾಂಶ ಬಂದ ವಾರ ಅಗಸೂರಿನಲ್ಲಿ ಪಾಲಕರು ನನ್ನನ್ನು ಕೇಳುವುದು ಇದೊಂದೇ. ಅಂಕ ನೋಡಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. 2024ರ ಪರಿಷ್ಕೃತ ಫಲಿತಾಂಶದಲ್ಲಿ 17 ಮಂದಿಗೆ 720ಕ್ಕೆ 720 ಬಂದಿತ್ತು. ಮರುವರ್ಷ ಮೊದಲ ರ‍್ಯಾಂಕಿಗೇ 686. 2025ರಲ್ಲಿ 650 ದಾಟಿದವರು ಇಡೀ ದೇಶದಲ್ಲಿ 73 ಮಂದಿ. ಹಿಂದಿನ ವರ್ಷ ಅದೇ 650 ಪಡೆದವರ ರ‍್ಯಾಂಕ್ ಇಪ್ಪತ್ತು ಸಾವಿರದ ಆಚೆ ಇತ್ತು. ಇನ್ನು 'ಕ್ವಾಲಿಫೈ ಆಯ್ತು' ಎಂದು ಪೇಡೆ ಹಂಚುವವರಿಗೆ ಒಂದು ಮಾತು: 2025ರಲ್ಲಿ ಅರ್ಹರಾದವರು 12 ಲಕ್ಷಕ್ಕೂ ಹೆಚ್ಚು, ದೇಶದ ಎಂಬಿಬಿಎಸ್ ಸೀಟು ಸುಮಾರು 1.2 ಲಕ್ಷ.

ನೋಡಬೇಕಾದ್ದು ಕೆಇಎ ಪ್ರಕಟಿಸುವ ಹಿಂದಿನ ವರ್ಷಗಳ ಕಟ್‌ಆಫ್ ರ‍್ಯಾಂಕ್. ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಶೇ. 15 ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಉಳಿದದ್ದು ಕೆಇಎ ಕೈಯಲ್ಲಿ. ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾದ ಸೀಟು ಹಂಚುವುದೂ ಕೆಇಎಯೇ. ಆ ಪಟ್ಟಿಯಲ್ಲಿ ನಿಮ್ಮ ಕೆಟಗರಿಯ ಸಾಲನ್ನೇ ಹಿಡಿಯಿರಿ. ಮೊದಲ ಸುತ್ತಿನದ್ದಷ್ಟೇ ನೋಡಿ ಕೈಚೆಲ್ಲಬೇಡಿ, ಕೊನೆಯ ಸುತ್ತಿನದ್ದನ್ನೂ ನೋಡಿ. ಎರಡು-ಮೂರು ವರ್ಷದ್ದು ಹೋಲಿಸಿದರೆ ಅಂದಾಜು ಸಿಗ್ತದೆ.

ನಮ್ಮ ಕಡೆಯವರು ಎಡವುವುದು ಗ್ರಾಮೀಣ ಮೀಸಲಾತಿಯಲ್ಲಿ. 2ಎ ಮುಂದೆ 'ಆರ್' ಸೇರಿದರೆ ಕಟ್‌ಆಫ್ ಸಾಲೇ ಬೇರೆ. ಆದರೆ ಊರು ಹಳ್ಳಿಯಾಗಿದ್ದರೆ ಸಾಲದು. ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಅಗಸೂರಿನಲ್ಲಿ ಹುಟ್ಟಿ ಬೆಳೆದ ಮಗು ಹೈಸ್ಕೂಲಿಗೆಂದು ಅಂಕೋಲಾ ಪೇಟೆಗೆ ಬಸ್ ಹತ್ತಿದರೆ ಅದು ಹೋಯಿತು, ಯಾಕೆಂದರೆ ಅಂಕೋಲಾ ಪುರಸಭೆ. ಎಂಟನೇ ಕ್ಲಾಸಿಗೆ ಹೆಸರು ಹಚ್ಚುವಾಗ ಯಾರೂ ಇದನ್ನು ಹೇಳುವುದಿಲ್ಲ. ಕನ್ನಡ ಮಾಧ್ಯಮದ 'ಕೆ' ಕೋಟಾಕ್ಕೂ ಹತ್ತು ವರ್ಷದ ಲೆಕ್ಕವೇ. ಎರಡಕ್ಕೂ ಬಿಇಒ ಮೇಲುರುಜು ಇರುವ ವ್ಯಾಸಂಗ ಪ್ರಮಾಣಪತ್ರ ಬೇಕು. ಅರ್ಜಿ ಹಾಕುವಾಗಲೇ ಕ್ಲೇಮ್ ಮಾಡಿ.

ಆಪ್ಷನ್ ತುಂಬುವಾಗ 'ಸಿಗುವಂಥದ್ದನ್ನೇ ಮೊದಲು ಹಾಕು' ಎಂಬ ಸಲಹೆ ಕೇಳಬೇಡಿ. ರ‍್ಯಾಂಕ್ ಪ್ರಕಾರ ನಿಮ್ಮ ಸರದಿ ಬಂದಾಗ ಪಟ್ಟಿಯನ್ನು ಮೇಲಿಂದ ನೋಡುತ್ತಾ ಬರುತ್ತಾರೆ. ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಮೇಲಿಟ್ಟು ಸಿಗದಿದ್ದರೆ ಕೆಳಗಿನ ಕಾರವಾರದ ಅವಕಾಶಕ್ಕೆ ಏನೂ ಆಗುವುದಿಲ್ಲ. ಕಾರವಾರವನ್ನು ಮೇಲಿಟ್ಟು ಅದೇ ಸಿಕ್ಕರೆ ಹುಬ್ಬಳ್ಳಿಯ ಲೆಕ್ಕಕ್ಕೇ ಹೋಗುವುದಿಲ್ಲ. ಅಣಕು ಹಂಚಿಕೆ ಬಂದ ಮೇಲೆ ಕ್ರಮ ಬದಲಿಸಲು ಅವಕಾಶ ಇರ್ತದೆ.

ಬಿಡಿಎಸ್‌ಗೆ ರ‍್ಯಾಂಕ್ ಇನ್ನಷ್ಟು ಕೆಳಗಿಳಿಯುತ್ತದೆ. ಧಾರವಾಡದ ಎಸ್‌ಡಿಎಂ ದಂತ ಕಾಲೇಜು ನಮಗೆ ದೂರವೇನಲ್ಲ, ಆದರೆ ಶುಲ್ಕ ಮೊದಲೇ ವಿಚಾರಿಸಿ. ಈ ಲೆಕ್ಕ ಮುಗಿಯುವ ಮೊದಲೇ ಏಜೆಂಟರ ಫೋನ್ ಬರುತ್ತದೆ, 'ಮ್ಯಾನೇಜ್‌ಮೆಂಟ್ ಸೀಟು ಇವತ್ತೇ ಬುಕ್ ಮಾಡಿ' ಅಂತ. ಕೊನೆಯ ಸುತ್ತು ಮುಗಿಯುವವರೆಗೂ ಗದ್ದೆಯ ಪಹಣಿ ಬ್ಯಾಂಕಿಗೆ ಒಯ್ಯಬೇಡಿ.