ಆಟದ ಪ್ರಮಾಣಪತ್ರ ಸೀಟು ಕೊಡಿಸೀತೇ?

ಮಕ್ಕಳು ಪಿಯುಸಿಗೆ ಕಾಲಿಟ್ಟೊಡನೆ ಹುಬ್ಬಳ್ಳಿ-ಧಾರವಾಡದ ಅನೇಕ ಮನೆಗಳಲ್ಲಿ ಹಾಕಿ ಕೋಲು, ತಬಲಾ ಅಟ್ಟ ಸೇರುತ್ತವೆ. ಪಾಲಕರ ಭಯಕ್ಕೆ ಕಾರಣವಿದೆ. 1994ರಲ್ಲಿ ಆರಂಭವಾದ ಸಿಇಟಿಯಲ್ಲಿ ಈಗ ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿ ಅಂಕ ಅರ್ಧ. ಚರ್ಚಾಸ್ಪರ್ಧೆ, ನಾಟಕ, ಸಂಗೀತದ ಬಹುಮಾನಗಳಿಗೆ ಒಂದಂಕವೂ ಇಲ್ಲ.

ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್-ಗೈಡ್ಸ್‌ನಲ್ಲಿ ಸಾಧನೆ ಮಾಡಿದವರಿಗೆ ಮಾತ್ರ ವಿಶೇಷ ವರ್ಗದಲ್ಲಿ ಕೆಲವು ಸೀಟುಗಳಿವೆ. ಅದನ್ನು ಅರ್ಜಿಯಲ್ಲೇ ಕೋರಬೇಕು. ಮೂಲ ಪ್ರಮಾಣಪತ್ರಗಳನ್ನು ಜೋಪಾನವಾಗಿಡಬೇಕು. ಐಐಟಿ ಮದ್ರಾಸ್ 2024ರಲ್ಲಿ ಕ್ರೀಡಾಪಟುಗಳಿಗೆ ಪ್ರತ್ಯೇಕ ಸೀಟು ತೆರೆಯಿತು. ಅಲ್ಲಿಯೂ ಜೆಇಇ ಅಡ್ವಾನ್ಸ್ಡ್ ದಾಟಲೇಬೇಕು.

ಆದ್ದರಿಂದ ಸೀಟಿನ ಆಸೆಗೆ ಆಟ ಹಿಡಿಸುವುದು ತಪ್ಪು ಲೆಕ್ಕ. ಸೀಟಿನ ಭಯಕ್ಕೆ ಆಟ ಬಿಡಿಸುವುದು ಅದಕ್ಕಿಂತ ದೊಡ್ಡ ತಪ್ಪು. ಸಂಜೆ ಒಂದು ತಾಸು ಮೈದಾನದಲ್ಲಿ ಬೆವರಿಳಿಸಿದ ವಿದ್ಯಾರ್ಥಿಗೆ ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ. ಓದಿದ್ದು ತಲೆಯಲ್ಲಿ ನಿಲ್ಲುವುದಕ್ಕೆ ಆ ನಿದ್ದೆಯೂ ಬೇಕು.